ರೂಪಶ್ರೀಯ ಓಮ್ನಿ, ನನ್ನ ಹೆಸರು

ಜೂನ್ 14, 2025. ಶನಿವಾರ. ಬೆಳಿಗ್ಗೆ 7.25

7.18ಕ್ಕೆ ಮೆಸೇಜು ಬಂತು. ಶಾಂತಿಗ್ರಾಮ ಟೋಲ್. ಗಾಡಿ ನಂಬರು. ಫಾಸ್ಟ್ಯಾಗ್‌ನಲ್ಲಿ ಉಳಿದದ್ದು ಇಷ್ಟು. ಅಂದರೆ ರೂಪಶ್ರೀ ದಾಟಿದಳು. ಹೋದ ವಾರಕ್ಕಿಂತ ನಾಲ್ಕು ನಿಮಿಷ ತಡ. ಪೆಟ್ರೋಲ್ ಹಾಕಿಸಿರಬೇಕು.

ಶನಿವಾರ ಚನ್ನರಾಯಪಟ್ಟಣ, ಹಿರೀಸಾವೆ ಲೈನು. ಮಂಗಳವಾರ ಹೊಳೆನರಸೀಪುರ. ಗುರುವಾರ ಅರಕಲಗೂಡು, ಕೊಣನೂರು. ಆ ಎರಡು ದಾರಿಯಲ್ಲಿ ಟೋಲ್ ಇಲ್ಲ. ಆ ದಿನಗಳಲ್ಲಿ ಅವಳು ಎಲ್ಲಿದ್ದಾಳೋ ತಿಳಿಯುವುದಿಲ್ಲ. ಶನಿವಾರ ಮಾತ್ರ ತಿಳಿಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ನಾವು ಬೇರೆಯಾಗಿ ಎರಡು ತಿಂಗಳು. ಓಮ್ನಿ ಅವಳ ಹತ್ತಿರ. ಆರ್‌ಸಿಯಲ್ಲಿ ಹೆಸರು ನನ್ನದು, ಫಾಸ್ಟ್ಯಾಗ್‌ಗೆ ಕೊಟ್ಟ ಫೋನ್ ನಂಬರೂ ನನ್ನದು. ನಾನು ಕೇಳಿಲ್ಲ, ಮೆಸೇಜು ತಾನಾಗಿಯೇ ಬರುತ್ತದೆ. ಇದನ್ನು ಕಾವಲು ಎನ್ನಲಾಗದು... ಈ ಮಾತನ್ನು ಬೇರೆ ಯಾವ ಗಂಡಸು ಹೇಳಿದ್ದರೂ ಅವನ ಮೇಲೆ ಒಂದು ಕರಪತ್ರ ಬರೆಯುತ್ತಿದ್ದೆ.

ಪ್ರೆಸ್ಸಿಗೆ ಹೊತ್ತಾಯಿತು.


ಜೂನ್ 17, ಮಂಗಳವಾರ. ಸಂಜೆ

ಇವತ್ತು ಪ್ರೆಸ್ಸಿಗೇ ಬಂದಳು. ನಾನು ಕಂಪ್ಯೂಟರಿನಲ್ಲಿ ಗೃಹಪ್ರವೇಶದ ಕಾರ್ಡಿನ ಗಣಪತಿಯನ್ನು ಎಡಕ್ಕೆ ಸರಿಸುತ್ತಿದ್ದೆ. ಬಾಗಿಲಲ್ಲಿ ನಿಂತು ಕಾದಳು. ಕೆಲಸ ಮಾಡುವವರನ್ನು ನಡುವೆ ಕರೆಯುವ ಅಭ್ಯಾಸ ಅವಳಿಗಿಲ್ಲ. ನಾನೇ ತಿರುಗಿ ನೋಡಿದೆ. ಬೆರಳ ಸಂದಿಯಲ್ಲಿ ಮೆಷಿನ್ ಆಯಿಲ್‌ನ ಕಪ್ಪು. ಕೂದಲಿಗೆ ಅದೇ ಹಳದಿ ಕ್ಲಿಪ್ಪು.

"ಭರತ, ಗಾಡಿ ಆರ್‌ಸಿಯಿಂದ ನಿನ್ ಹೆಸ್ರು ತೆಗ್ದ್ಬುಡು."

"ಯಾಕೆ? ಏನಾಯ್ತು?"

"ಏನೂ ಆಗ್ಲಿಲ್ಲ. ಒಲಿಗೆ ಮೆಷಿನ್ ಕಂಪ್ನಿಯೋರು ನಾಕ್ ತಾಲ್ಲೂಕಿನ ಸರ್ವಿಸ್ ನಂಗೇ ಕೊಡ್ತಾರಂತೆ. ಆಸ್ನ, ಒಳೆನರ್ಸೀಪುರ, ಅರಕಲ್ಗೂಡು, ಚನ್ರಾಯ್ಪಟ್ಣ. ಗಾಡಿ ಮಾತ್ರ ನನ್ ಹೆಸ್ರಲ್ಲೇ ಇರ್ಬೇಕಂತೆ. ಜುಲೈ ಮೂವತ್ತೊಂದು ಕಡೇ ದಿನ."

ನಾಲ್ಕು ತಾಲ್ಲೂಕು! ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಮೆಕ್ಯಾನಿಕ್ ಊಟಕ್ಕೆ ಹೋದಾಗ ಅವನ ಸ್ಕ್ರೂಡ್ರೈವರ್ ಎತ್ತಿಕೊಂಡು ಕಲಿತವಳು. ಖುಷಿಯಾಯಿತು. ನಿಜವಾಗಿಯೂ ಆಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದನ್ನು ಬರೆಯಲು ನಾಚಿಕೆ.

"ಬ್ರೋಕರ್ ಹತ್ರ ಕೊಟ್ಬುಡಣಾ?" ಎಂದಳು.

"ಬ್ರೋಕರ್ ಬೇಡ. ನಮ್ಮ ಹಕ್ಕಿನ ಕೆಲಸಕ್ಕೆ ಮಧ್ಯದಲ್ಲಿ ಇನ್ನೊಬ್ಬ ಯಾಕೆ? ನಾನೇ ಮಾಡಿಸ್ತೀನಿ."

ಸ್ವಲ್ಪ ನಕ್ಕಳು. "ಮಾಡ್ಸು. ಡೇಟು ಮಾತ್ರ ಗ್ಯಾಪ್ಕ ಇರ್ಲಿ."

ಹೋಗುವಾಗ ಓಮ್ನಿಯನ್ನು ಹಿಂದಕ್ಕೆ ತೆಗೆಯಬೇಕಾಗಲಿಲ್ಲ. ಯಾವಾಗಲೂ ಮೂತಿ ರಸ್ತೆಗೆ ಮಾಡಿಯೇ ನಿಲ್ಲಿಸುತ್ತಾಳೆ.


ಜೂನ್ 18, ಬುಧವಾರ

ಗಾಡಿ ನನ್ನ ಹೆಸರಿಗೆ ಬಂದದ್ದು ಹೇಗೆ — ಒಮ್ಮೆ ನೇರವಾಗಿ ಬರೆದಿಡುತ್ತೇನೆ.

2022. ಹೊಳೆನರಸೀಪುರದ ಒಬ್ಬ ನಿವೃತ್ತ ಮೇಷ್ಟರ ಓಮ್ನಿ. ಅವಳ ಪಿಎಫ್, ನನ್ನ ಉಳಿತಾಯ ಎರಡೂ ಸೇರಿಸಿ ಕೊಂಡೆವು. ಅವಳ ಹೆಸರಿಗೇ ಮಾಡಿಸುವುದೆಂದು ಮಾತಾಗಿತ್ತು. ಆದರೆ ಅವಳ ಆಧಾರ್‌ಗೆ ಇದ್ದದ್ದು ಅಪ್ಪನ ಫೋನ್ ನಂಬರು. ಒಟಿಪಿ ಕೊಣನೂರಿನಲ್ಲಿ ಅವಳಪ್ಪ ಕೆಂಪಣ್ಣನವರ ಜೇಬಿನಲ್ಲಿ ಬಡಿಯುತ್ತಿತ್ತು. ಮಗಳು ಹಾಸನದಲ್ಲಿ ಬೆಳಗೊಳದ ಜೈನರ ಹುಡುಗನ ಜೊತೆ ಒಂದೇ ಮನೆಯಲ್ಲಿದ್ದಾಳೆಂದು ಅವರಿಗೆ ಆಗ ಗೊತ್ತಿರಲಿಲ್ಲ. "ಸದ್ಯಕ್ಕೆ ನಿನ್ ಹೆಸ್ರಿಗಿರ್ಲಿ, ಆಮ್ಯಾಕೆ ನೋಡಣ" ಎಂದಳು. ಆರು ತಿಂಗಳಲ್ಲಿ ಅವಳು ನಂಬರು ಬದಲಾಯಿಸಿಕೊಂಡಳು. ನಾನು ಮಾತ್ರ 'ಆಮ್ಯಾಕೆ'ಯನ್ನು ಮೂರು ವರ್ಷ ಎಳೆದೆ. ಅವಳು ಕೇಳಲಿಲ್ಲ ಎಂದು ಸುಮ್ಮನಿದ್ದೆ.

ಮಂಚದ ಕೆಳಗಿನ ಟ್ರಂಕಿನಲ್ಲಿ ಹೆಣ್ಣಿನ ಆಸ್ತಿ ಹಕ್ಕಿನ ಬಗ್ಗೆ ಹನ್ನೊಂದು ಕಿರುಹೊತ್ತಿಗೆಗಳಿವೆ. ಎಲ್ಲವನ್ನೂ ಪೆನ್ಸಿಲ್ ಗೆರೆ ಎಳೆದು ಓದಿದ್ದೇನೆ. ಗೆರೆ ಎಳೆದವನ ಹೆಸರಿನಲ್ಲಿ ಗಾಡಿ. ಅವನಿಗೆ ಡ್ರೈವಿಂಗ್ ಬರುವುದಿಲ್ಲ. ಓಡಿಸುವವಳ ಹೆಸರು ಎಲ್ಲೂ ಇಲ್ಲ.

ಅವಳ ಹೆಸರನ್ನು ನಾನು ಹಾಕಿದ್ದು ಇನ್ನೊಂದು ಕಡೆ. ಹೋದ ಫೆಬ್ರವರಿಯಲ್ಲಿ ಒಂದು ಕರಪತ್ರ ಮಾಡಿದೆ. ಸಾವಿರ ಪ್ರತಿ. 'ಸ್ಕ್ರೂಡ್ರೈವರ್ ಹಿಡಿದ ಕೈ'. ಮನೆಯವರು ನೋಡಿದ ಗಂಡು ಬೇಡವೆಂದು ಹತ್ತೊಂಬತ್ತಕ್ಕೆ ಊರು ಬಿಟ್ಟದ್ದು, ಕೆಲಸ ಕಲಿತದ್ದು, ಈಗ ಓಮ್ನಿಯಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು. ಹೆಸರು, ಊರು, ಅಪ್ಪನ ಹೆಸರು ಸಮೇತ. ಅವಳಿಗೆ ಆಶ್ಚರ್ಯವಾಗಲಿ ಎಂದು ಮೊದಲೇ ಹೇಳಲಿಲ್ಲ. ನಾನೇ ಹೋಗಿ ಕೊಣನೂರು ಸಂತೆಯಲ್ಲಿ ಹಂಚಿದೆ. ಕೆಂಪಣ್ಣನವರು ಹಗ್ಗ ಕೊಳ್ಳುತ್ತಿದ್ದರಂತೆ. ಅಂಗಡಿಯವನು ಓದಿ ಹೇಳಿದನಂತೆ, ಗಟ್ಟಿಯಾಗಿ.

ಅವಳು ಕೂಗಾಡಲಿಲ್ಲ. ಏಪ್ರಿಲ್‌ನಲ್ಲಿ ಮನೆ ಬಿಟ್ಟ ದಿನ ಬಟ್ಟೆ ಮಡಚಿಕೊಳ್ಳುತ್ತಾ ಹೇಳಿದಳು: "ನಾನು ಉದಾರ್ಣೆ ಅಲ್ಲ ಕಣ ಭರತ. ರಿಪೇರಿ ಮಾಡೋಳು, ಅಷ್ಟೇಯ. ನಿನ್ ಜೊತೆ ಇದ್ರೆ ದಿನಾ ಉದಾರ್ಣೆ ಆಗಿರ್ಬೇಕು. ನಂಗೆ ಸುಸ್ತಾಯ್ತದೆ."

ಇದಕ್ಕೆ ಉತ್ತರ ಯಾವ ಕಿರುಹೊತ್ತಿಗೆಯಲ್ಲೂ ಇರಲಿಲ್ಲ. ಹುಡುಕಿದ್ದೇನೆ.


ಜೂನ್ 21, ಶನಿವಾರ. ಬೆಳಿಗ್ಗೆ 8.40

ಮೆಸೇಜು ಬಂದಿಲ್ಲ.

9.15

ಬಂದಿಲ್ಲ. ನೆಟ್‌ವರ್ಕ್ ಇದೆ. ಹುಷಾರಿಲ್ಲವೇ? ಗಾಡಿ ನಿಂತಿತೇ? ಹೈವೇಯಲ್ಲಿ ಲಾರಿಗಳು...

10.30, ಪ್ರೆಸ್ಸಿನಲ್ಲಿ

ತಡೆಯಲಾಗದೆ ಫೋನ್ ಮಾಡಿದೆ. ಕಟ್ ಮಾಡಿದಳು. ಆಮೇಲೆ ಒಂದು ಸಾಲು: 'ಕೆಲ್ಸದಲ್ಲಿದೀನಿ. ಆರ್‌ಸಿ ವಿಷ್ಯನಾ?'

ಹೌದು ಎಂದು ಸುಳ್ಳು ಬರೆದೆ.

ಸಂಜೆಯೂ ಮೆಸೇಜು ಇಲ್ಲ.


ಜೂನ್ 30, ಸೋಮವಾರ

ಒಂಬತ್ತು ದಿನ ಇದನ್ನು ಮುಟ್ಟಲಿಲ್ಲ.

ಹೆಸರು ವರ್ಗಾವಣೆಯ ಫಾರಂ 29, ಫಾರಂ 30 ತುಂಬಿಟ್ಟು ಒಂದು ವಾರವಾಯಿತು. ಇನ್ಶೂರೆನ್ಸ್ ಪ್ರತಿ ಇದೆ. ಎಮಿಷನ್ ಸರ್ಟಿಫಿಕೇಟನ್ನು ಅವಳು ಕೇಳಿದ ಮರುದಿನವೇ ಕಳಿಸಿದಳು. ಎಲ್ಲವೂ ಫೈಲಿನಲ್ಲಿದೆ. ಫೈಲು ಟ್ರಂಕಿನ ಮೇಲಿದೆ. ಆರ್‌ಟಿಒ ಆಫೀಸು ನನ್ನ ರೂಮಿನಿಂದ ಇಪ್ಪತ್ತು ನಿಮಿಷದ ನಡಿಗೆ.

ಅವಳು ಕೇಳಿದರೆ 'ಬ್ರೋಕರ್ ಇಲ್ಲದೆ ಮಾಡಿಸ್ತಿದೀನಿ, ತಡ ಆಗತ್ತೆ' ಎನ್ನುತ್ತೇನೆ. ನಿಜ ಬೇರೆ. ಮೊನ್ನೆ ಶನಿವಾರ 7.14ಕ್ಕೆ ಮೆಸೇಜು ಬಂತು. ಓದಿ ಇಡೀ ದಿನ ನೆಮ್ಮದಿಯಾಗಿದ್ದೆ. ಹೆಸರು ತೆಗೆದ ಮೇಲೆ ಅದೂ ಇಲ್ಲ.

ಬ್ರೋಕರ್ ಬೇಡವೆಂಬ ನನ್ನ ತತ್ವ ಇಷ್ಟು ದಿನ ನನಗೆ ಚೆನ್ನಾಗಿ ಕೆಲಸ ಮಾಡಿಕೊಟ್ಟಿದೆ. ಗುರುವಾರ ಹೋಗುತ್ತೇನೆ.


ಜುಲೈ 3, ಗುರುವಾರ. ಮಧ್ಯಾಹ್ನ

ಹೋದೆ. ವಾಪಸ್ ಕಳಿಸಿದರು. ತಪ್ಪು ಅವರದಲ್ಲ.

ಕೌಂಟರಿನ ಮೇಡಂ ಒಂದೊಂದೇ ಹಾಳೆ ತಿರುವಿದರು. ಆರ್‌ಸಿ ಮೇಲೆ ಒಂದು ಬೆರಳು, ಆಧಾರ್ ಮೇಲೆ ಇನ್ನೊಂದು.

"ಇದ್ರಲ್ಲಿ ಭರತೇಶ್ ಜೈನ್. ಇದ್ರಲ್ಲಿ ಭರತೇಶ್ ಎಸ್. ಇಬ್ರೂ ಒಬ್ರೇನಾ?"

"ಒಬ್ಬನೇ ಮೇಡಂ. ಜೈನ್ ಅನ್ನೋದನ್ನ ಬಿಟ್ಟುಬಿಟ್ಟೆ. ಎರಡು ವರ್ಷ ಆಯ್ತು."

"ಬಿಡಿ, ಒಳ್ಳೇದೇ. ಬಿಟ್ಟಿದ್ದಕ್ಕೆ ಅಫಿಡವಿಟ್ ಎಲ್ಲಿ?"

ಇಲ್ಲ. ಹೆಸರಿನಿಂದ ಜಾತಿ-ಮತದ ಗುರುತು ಅಳಿಸುತ್ತೇನೆಂದು ವೋಟರ್ ಕಾರ್ಡು, ಆಮೇಲೆ ಆಧಾರ್ ಬದಲಾಯಿಸಿಕೊಂಡಾಗ ಸ್ನೇಹಿತರು ಹೇಳಿದ್ದರು, ನೋಟರಿ ಹತ್ತಿರ ಒಂದು ಕಾಗದ ಮಾಡಿಸಿಟ್ಟುಕೋ ಎಂದು. ನನ್ನ ಹೆಸರಿಗೆ ಇನ್ನೊಬ್ಬರ ಮುದ್ರೆ ಯಾಕೆ ಎಂದು ಭಾಷಣ ಮಾಡಿದ್ದೆ. ರೂಪಶ್ರೀ ಆಗ ಪಕ್ಕದಲ್ಲೇ ಬಾಬಿನ್‌ಗೆ ದಾರ ಸುತ್ತುತ್ತಿದ್ದಳು. "ಗಾಡಿ ಪೇಪರ್‌ನಲ್ಲಿ ಹಳೇ ಹೆಸ್ರೇ ಐತಲ್ಲ?" ಎಂದಿದ್ದಳು. ಕೇಳಿಸಿಕೊಳ್ಳಲಿಲ್ಲ.

"ಇಬ್ರೂ ಒಬ್ರೇ ಅಂತ ಪ್ರಮಾಣ ಮಾಡಿ ತನ್ನಿ. ತಗೊಳ್ಳೋರನ್ನೂ ಕರ್ಕೊಂಡು ಬನ್ನಿ" ಎಂದರು ಮೇಡಂ. ಫೈಲು ಜೋಡಿಸಿಯೇ ಕೊಟ್ಟರು.

ಹೊರಗೆ ಗೇಟಿನ ಪಕ್ಕ ಗುಂಡಯ್ಯ. ಬ್ರೋಕರು. ಸ್ಕೂಟರಿನ ಸೀಟೇ ಮೇಜು.

"ಏನ್ಸಾ, ವಾಪಸ್ಸಾ?"

ಫೈಲು ಕಂಕುಳಿಗೆ ಸೇರಿಸಿ ದಾಟಿ ಹೊರಟೆ.

"ನಿಮ್ ಪಾಂಪ್ಲೆಟು ಓದಿವ್ನಿ ಕಣ್ಸಾ. ಬ್ರೋಕರ್‌ಗೋಳು ಜಿಗಣೆ ಅಂತ ಬರ್ದಿದ್ರಿ. ಚೆನ್ನಾಗೇ ಬರ್ದಿದ್ರಿ, ನಮ್ಮನೇಲಿ ಎಲ್ರೂ ಓದುದ್ರು. ಈಗ ಜಿಗಣೆ ಒಂದ್ ಮಾತು ಯೋಳ್ಲಾ? ಪುಕ್ಸಟ್ಟೆ."

"ಹೇಳಿ."

"ಎರಡ್ ಹೆಸ್ರು ಒಬ್ನೇ ಅಂತ ನೋಟರಿ ತಾವ ಬರ್ಸ್ಕಳಿ. ಅದ್ರಲ್ಲಿ ಹಳೇ ಸೈನೂ ಆಕಿ, ಹೊಸ ಸೈನೂ ಆಕಿ. ಬರೀ ಹೊಸದಾಕುದ್ರೆ ಮತ್ತೆ ವಾಪಸ್ ಬತ್ತೀರ, ಮತ್ತೆ ಈ ಜಿಗಣೆ ಮೊಕ ನೋಡ್ಬೇಕಾಯ್ತದೆ."

ಥ್ಯಾಂಕ್ಸ್ ಹೇಳಿದೆ. "ಪಾಂಪ್ಲೆಟಲ್ಲಿ ಒಂದ್ ಲೈನ್ ಸೇರ್ಸ್ಬುಡಿ ಮತ್ತೆ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಅವಳಿಗೆ ಮೆಸೇಜು ಹಾಕಿದೆ: 'ನನ್ನ ಹೆಸರಿನಿಂದ ತೊಂದರೆಯಾಗಿದೆ. ಸರಿ ಮಾಡುತ್ತೇನೆ.' ಉತ್ತರ ಬಂತು: 'ಹ್ಞೂಂ.'


ಜುಲೈ 6, ಭಾನುವಾರ. ಶ್ರವಣಬೆಳಗೊಳ

ಅಮ್ಮನ ಹತ್ತಿರ ಬಂದಿದ್ದೇನೆ. ಬೆಟ್ಟದ ಬುಡದಲ್ಲಿ ನಮ್ಮ ಅಂಗಡಿ. ಬಂಡೆ ಕಾಯ್ದರೆ ಬರಿಗಾಲಲ್ಲಿ ಹತ್ತಲಾಗದೆ ಯಾತ್ರಿಕರು ಕಾಲುಚೀಲ ಕೊಳ್ಳುತ್ತಾರೆ. ಈಗ ಮೋಡ. ಕಾಲುಚೀಲ ಕೇಳುವವರಿಲ್ಲ, ಆದರೂ ಅಪ್ಪ ಅಂಗಡಿಯಲ್ಲೇ ಕೂತಿದ್ದರು. ಅಮ್ಮ ಹಿಂದಿನ ಕೋಣೆಯಲ್ಲಿ ಕೈಚೀಲ ಹೊಲಿಯುತ್ತಿದ್ದಳು. ಅಜ್ಜಿಯ ಕಾಲದ ಮೆಷಿನು. ಸದ್ದೇ ಇಲ್ಲ, ಬರೀ ಒಂದು ಗುನುಗು.

"ಬೆಲ್ಟು ಹೊಸದು ಅನ್ಸತ್ತೆ?" ಎಂದೆ.

"ರೂಪ ಬಂದಿದ್ಲು. ಹೋದ ತಿಂಗ್ಳು ಒಂದು ಶನಿವಾರ. ಹೊಳೆನರಸೀಪುರದ ಮೇಲೆ ಬಂದೆ ಅಂದ್ಲು, ಆ ಕಡೆ ಏನೋ ಕೆಲ್ಸ ಇತ್ತಂತೆ. ಬೆಲ್ಟ್ ಹಾಕಿ, ಎಣ್ಣೆ ಬಿಟ್ಟು, ಎರಡು ದೋಸೆ ತಿಂದ್ಕೊಂಡು ಹೋದ್ಲು."

ಜೂನ್ 21. ಮೆಸೇಜು ಬಾರದ ಶನಿವಾರ.

ನನ್ನ ಜೊತೆ ಇಲ್ಲ. ಆದರೂ ನನ್ನ ಅಮ್ಮನ ಮೆಷಿನಿನ ಬೆಲ್ಟು ಸವೆದಿರುತ್ತದೆಂದು ಅವಳಿಗೆ ನೆನಪಿತ್ತು. ಮಗನಾದ ನನಗೆ ಆ ಮೆಷಿನಿಗೆ ಬೆಲ್ಟು ಇದೆ ಎಂಬುದೇ ಅವಳು ನನ್ನ ಬದುಕಿಗೆ ಬಂದ ಮೇಲೆ ತಿಳಿದದ್ದು.

ಅಮ್ಮನ ಫೋನಿನಲ್ಲಿ ಅವಳ ನಂಬರು ಇನ್ನೂ 'ಭರತನ ರೂಪ' ಎಂದೇ ಇದೆ. ಅಳಿಸು ಎನ್ನಲು ಬಾಯಿ ಬರಲಿಲ್ಲ.

ಅಮ್ಮ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಐದೂವರೆಗೇ ತಟ್ಟೆ ಹಾಕಿದಳು. ಊಟ ಮಾಡುತ್ತಾ ಆರ್‌ಸಿ ವಿಷಯ, ಅಫಿಡವಿಟ್ ವಿಷಯ ಹೇಳಿದೆ. 'ಭರತೇಶ್ ಜೈನ್' ಎಂದು ಮತ್ತೆ ಸೈನ್ ಮಾಡಬೇಕಾಗಿದೆ, ಅದು ನನ್ನ ತತ್ವಕ್ಕೆ... ಎಂದು ಏನೋ ಹೇಳುತ್ತಿದ್ದೆ.

ಅಮ್ಮ ಸಾರು ಬಡಿಸುತ್ತಾ ಹೇಳಿದಳು, "ನಮ್ ಹೆಸ್ರು ಬಿಡಕ್ಕೆ ನಿಂಗೆ ಒಂದ್ ದಿನ ಸಾಕಾಯ್ತು. ನಿಮ್ಮಪ್ಪನ್ನ ಒಂದು ಮಾತು ಕೇಳ್ಲಿಲ್ಲ. ಆ ಹುಡುಗಿ ಗಾಡಿಯಿಂದ ನಿನ್ ಹೆಸ್ರು ತೆಗ್ಯಕ್ಕೆ ಎಷ್ಟ್ ದಿನ ಬೇಕೋ?"

ಸಾರು ತಣ್ಣಗಾಯಿತು. ಅಮ್ಮ ಆಗಲೇ ತನ್ನ ತಟ್ಟೆ ತೊಳೆದಿದ್ದಳು.


ಜುಲೈ 8, ಮಂಗಳವಾರ

ನೋಟರಿ ಹತ್ತಿರ ಹೋಗಿ ಬಂದೆ. 'ಮೇಲ್ಕಂಡ ಎರಡೂ ಹೆಸರುಗಳು ನನ್ನವೇ ಆಗಿದ್ದು ನಾನು ಒಬ್ಬನೇ ವ್ಯಕ್ತಿಯಾಗಿರುತ್ತೇನೆ.'

ಹಳೆಯ ಸೈನು. ಬರುವುದಿಲ್ಲ, ಮರೆತಿದ್ದೇನೆ ಎಂದುಕೊಂಡಿದ್ದೆ. ಪೆನ್ನು ಇಟ್ಟ ತಕ್ಷಣ ಕೈ ತಾನೇ ಬರೆಯಿತು. ಕೊನೆಯಲ್ಲಿ ಅಪ್ಪನ ಸೈನಿನಂತೆಯೇ ಒಂದು ಸುತ್ತು. ಹೈಸ್ಕೂಲಿನಲ್ಲಿ ಅವರದನ್ನು ನೋಡಿ ಕಲಿತದ್ದು. ಇದನ್ನು ಬಿಟ್ಟಾಗ ಅಪ್ಪ ಏನೂ ಹೇಳಿರಲಿಲ್ಲ. ನಾನು ಬಿಟ್ಟದ್ದು ಸರಿಯೇ, ಈಗಲೂ ಸರಿಯೇ ಎನ್ನುತ್ತೇನೆ. ಆದರೆ ಬಿಡುವುದಕ್ಕೂ ಒಂದು ಮರ್ಯಾದೆ ಇರಬೇಕಿತ್ತು. ಹೇಳಿ ಬಿಡಬೇಕಿತ್ತು. ಕಾಗದ ಮಾಡಿಸಿ ಬಿಡಬೇಕಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಆಮೇಲೆ ಮಾತಾಡೋಣ ಎಂದರು. ಗಿರಾಕಿ ಇರಲಿಲ್ಲ ಅನಿಸುತ್ತದೆ. ಇರಲಿ. ಮತ್ತೆ ಮಾಡುತ್ತೇನೆ.


ಜುಲೈ 10, ಗುರುವಾರ. ಸಂಜೆ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು. ಯಾರಿಗೂ ಅಲ್ಲ. ಇದರಿಂದ ಕರಪತ್ರ ಮಾಡುವುದಿಲ್ಲ — ಮೊದಲೇ ಬರೆದಿಡುತ್ತೇನೆ.

ಅವಳು ಹತ್ತಕ್ಕೆ ಮುಂಚೆಯೇ ಆರ್‌ಟಿಒ ಆಫೀಸಿಗೆ ಬಂದಿದ್ದಳು. ಅರಕಲಗೂಡು ಲೈನು ಬಿಟ್ಟು. ತುಂತುರು ಮಳೆ. ಟೋಕನ್ ತೆಗೆದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತೆವು. ಮಧ್ಯದಲ್ಲಿ ಫೈಲು.

ಕಾಂಪೌಂಡಿನ ಹೊರಗೆ ಒಂದು ನೀಲಿ ಟಾರ್ಪಾಲು. ಅದರಡಿ ಒಬ್ಬ ಮುದುಕ ಟೈಲರು, ಬ್ಯಾಗಿನ ಜಿಪ್ಪು, ರೈನ್‌ಕೋಟು ಹೊಲಿಯುವವನು. ಮೆಷಿನು ಟಕ್, ಟಕ್, ಟಟಕ್ ಎನ್ನುತ್ತಿತ್ತು. ನನಗೆ ಎಲ್ಲ ಮೆಷಿನಿನ ಸದ್ದೂ ಒಂದೇ. ಅವಳು ಎರಡು ಸಲ ಆ ಕಡೆ ನೋಡಿದಳು. ಮೂರನೇ ಸಲ ಎದ್ದಳು.

"ಟೋಕನ್ ಕೂಗ್ತಾರೆ" ಎಂದೆ.

"ಕೂಗುದ್ರೆ ಕರಿ. ಆ ಸೌಂಡು ಕೇಳ್ಕಂಡ್ ಕೂರಕ್ಕಾಗಕಿಲ್ಲ ನಂಗೆ."

ನಾನೂ ಹಿಂದೆ ಹೋದೆ. ಮುದುಕನ ಹೆಸರು ಶಾಂತರಾಜು. "ಹೊಲಿಗೆ ಬಿಡ್ತಾ ಅದಾ ಅಣ್ಣ?" ಎಂದು ಕೇಳಿದಳು.

"ಬಿಡ್ತದೆ ಕಣವ್ವ. ವಯಸ್ಸಾಯ್ತು ಇದ್ಕೆ. ನನ್ನಂಗೇಯ."

"ವಯಸ್ಸಲ್ಲ ಬುಡಿ. ಒಸಿ ಏಳಿ."

ಓಮ್ನಿಯಿಂದ ಸಣ್ಣ ಡಬ್ಬಿ ತಂದಳು. ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನಿನ ಹೊಟ್ಟೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದಳು. ಡಾಕ್ಟರು ಎದೆ ನೋಡಿದ ಹಾಗೆ. ಕಣ್ಣು ಮುಚ್ಚಿದ್ದಳು. ಸುತ್ತ ಆಟೋದವರು, ಎಲ್‌ಎಲ್‌ಆರ್‌ಗೆ ಬಂದ ಕಾಲೇಜು ಹುಡುಗರು, ಗುಂಡಯ್ಯ. ಯಾರ ಕಡೆಗೂ ಅವಳ ಗಮನವಿಲ್ಲ. ಮೂರು ವರ್ಷ ಇದನ್ನು ನೋಡಿದ್ದೇನೆ. ಪ್ರತಿ ಸಲವೂ ಪಕ್ಕದಲ್ಲಿ ನಿಂತು ನೆರೆದ ಹೆಂಗಸರಿಗೆ ದುಡಿಮೆಯ ಘನತೆ ಎಂದು ಏನಾದರೂ ಮಾತಾಡುತ್ತಿದ್ದೆ. ನನ್ನ ಮಾತಿನ ಗದ್ದಲದಲ್ಲಿ ಇವಳು ಹೇಗೆ ಕೇಳಿಸಿಕೊಳ್ಳುತ್ತಿದ್ದಳೋ ಆ ಒಳಗಿನ ಸದ್ದನ್ನು!

ಇವತ್ತು ಸುಮ್ಮನೆ ನಿಂತಿದ್ದೆ. ಮಳೆ ಅವಳ ಬೆನ್ನಿಗೆ ಬೀಳುತ್ತಿತ್ತು. ಟಾರ್ಪಾಲಿನ ಅಂಚು ಎತ್ತಿ ಹಿಡಿದೆ, ಅಷ್ಟೇ.

"ಏನಿಲ್ಲ ಅಣ್ಣ. ಸೂಜಿ ತಿರುವಿ ಹಾಕಿದೀರ. ಚಪ್ಪಟೆ ಮಗ್ಗುಲು ಆ ಕಡೀಕ್ ಬರ್ಬೇಕು. ನೋಡಿ ಇಂಗೆ. ಈಗ ನೀವೇ ಬಿಚ್ಚಿ, ನೀವೇ ಹಾಕಿ."

"ನೀನೇ ಆಕ್ಬುಡವ್ವ. ಕಣ್ಣು ಕಾಣಕಿಲ್ಲ."

"ಕಣ್ ಯಾಕೆ? ಬೆರಳಲ್ಲಿ ಸವರಿ ನೋಡಿ. ಚಪ್ಪಟೆ ಸಿಕ್ತಾ?"

ಮುದುಕ ಸವರಿದ. ಸಿಕ್ಕಿತು. ತಾನೇ ಹಾಕಿದ. ಎರಡು ಸಲ ಬಿಚ್ಚಿ ಹಾಕಿಸಿದಳು. ಆಮೇಲೆ ಮೆಷಿನು ತುಳಿದ. ಆ ಟಟಕ್ ಹೋಗಿತ್ತು. ನನಗೂ ಕೇಳಿಸಿತು.

"ಏನ್ ಕೊಡ್ಲವ್ವ?"

"ಸೂಜಿ ತಿರುಗ್ಸಿದ್ದಕ್ಕೆ ಏನಣ್ಣ? ಮುಂದ್ಕೆ ನಾನ್ ಬೇಕಾಗಕಿಲ್ಲ ನಿಮ್ಗೆ, ಅಷ್ಟೇಯ."

ಗುಂಡಯ್ಯ ನನ್ನ ಕಿವಿಯ ಹತ್ತಿರ: "ಸಾ, ಈವಮ್ಮ ಬ್ರೋಕರ್ ಆಗಿದ್ರೆ ನಾವೆಲ್ಲ ಮನೇಗೋಗ್ಬೇಕಿತ್ತು."

ತನ್ನ ಅಗತ್ಯವೇ ಬಾರದ ಹಾಗೆ ಕಲಿಸಿ ಹೊರಡುತ್ತಾಳೆ. ಜನರನ್ನು ತಮ್ಮ ಕಾಲ ಮೇಲೆ ನಿಲ್ಲಿಸುವುದೆಂದು ನಾನು ಎಷ್ಟು ಹಾಳೆ ಕಂಪೋಸ್ ಮಾಡಿದ್ದೇನೆ! ಆ ಮುದುಕ ಓದುವ ಹಾಳೆ ಅದರಲ್ಲಿ ಒಂದೂ ಇಲ್ಲ.

ಮತ್ತೆ ಬೆಂಚಿಗೆ ಬಂದೆವು. ಆಗ ಹೇಳಿಬಿಟ್ಟೆ. "ರೂಪ, ಒಂದು ವಿಷಯ. ಶನಿವಾರ ನೀನು ಟೋಲ್ ದಾಟಿದಾಗ ನನಗೆ ಮೆಸೇಜು ಬರತ್ತೆ. ಕಾಯ್ತಾ ಕೂತಿರ್ತೀನಿ. ಈ ಕೆಲಸ ತಡ ಆಗಿದ್ದು ಬರೀ ಹೆಸರಿನ ತೊಂದರೆಯಿಂದ ಅಲ್ಲ. ಅದಕ್ಕೂ ಮುಂಚೆ ನಾನೇ ತಡ ಮಾಡಿದೆ."

ಅವಳು ಕೈಯ ಎಣ್ಣೆಯನ್ನು ಹಳೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತು."

"ಮೆಸೇಜು ಬ..."

"ಗೊತ್ತು ಕಣೋ. ಫಾಸ್ಟ್ಯಾಗ್ ಮಾಡ್ಸುವಾಗ ಪಕ್ದಲ್ಲೇ ಇರ್ನಿಲ್ವಾ ನಾನು? ಅದ್ಕೇಯ ಒಂದಿನ ಒಳೆನರ್ಸೀಪುರದ ಮೇಲೆ ಸುತ್ಕಂಡ್ ಓದೆ. ಯಾರ್ಗೂ ಗೊತ್ತಿಲ್ದಂಗೆ ಒಂದಿನ ಓಗ್ಬೇಕು ಅನ್ನುಸ್ತು. ಆವತ್ತೇಯ ನೀನು ಫೋನ್ ಮಾಡ್ದೆ."

ಮಳೆಗೆ ನೆನೆಯುತ್ತಿದ್ದ ಫೈಲನ್ನು ಒಳಕ್ಕೆ ಸರಿಸಿದೆ.

"ಬೈಯ್ಯಣ ಅನ್ಕಂಡಿದ್ದೆ" ಎಂದಳು. "ನೀನೇ ಯೋಳುದ್ಯಲ್ಲ, ಬುಡು."

ಸುತ್ತು ದಾರಿ. ಹೆಚ್ಚು ಪೆಟ್ರೋಲು, ಹೆಚ್ಚು ಹೊತ್ತು. ನನ್ನ ಕಣ್ಣು ತಪ್ಪಿಸಿ ಒಂದು ದಿನ ಓಡಿಸಲಿಕ್ಕೆ. ಆ ದಿನವೂ ಅವಳು ನನ್ನ ಅಮ್ಮನ ಮೆಷಿನು ನೋಡಿಬಂದಳು.

ಟೋಕನ್ ಕೂಗಿದರು. ಮೇಡಂ ಅಫಿಡವಿಟ್ ಓದಿದರು, ಎರಡೂ ಸೈನು ನೋಡಿದರು, "ಈಗ ಸರಿಯಾಯ್ತು" ಎಂದರು. ನನ್ನ ಫೋನಿಗೆ ಒಟಿಪಿ ಬಂತು. ಫೋನ್ ಅವಳ ಕೈಗೆ ಕೊಡಲು ಹೋದೆ.

"ನೀನೇ ಯೋಳು. ನಿನ್ ಹೆಸ್ರು, ನೀನೇ ತೆಗಿ."

ಆರು ಅಂಕಿ. ಒಂದೊಂದಾಗಿ ಹೇಳಿದೆ.

ಹೊರಗೆ ಬಂದಾಗ ಮಳೆ ಹೆಚ್ಚಾಗಿತ್ತು. "ಬಿಡ್ತೀನಿ ಬಾ, ಪ್ರೆಸ್ ತಾವ" ಎಂದಳು. ಎಡಗಡೆ ಸೀಟು, ನನ್ನ ಹಳೆಯ ಜಾಗ. ಅಲ್ಲಿ ಈಗ ಸ್ಪೇರ್ ಪಾರ್ಟ್ಸಿನ ಟ್ರೇ ಇತ್ತು, ಅವಳೇ ಮಾಡಿಸಿದ್ದು. ಪ್ರತಿ ಖಾನೆಗೂ ಅವಳ ದುಂಡು ಅಕ್ಷರದ ಚೀಟಿ. ಅದನ್ನು ಎತ್ತಲು ಕೈ ಹಾಕಿದಳು.

"ಬೇಡ, ಇರಲಿ. ನಡ್ಕೊಂಡು ಹೋಗ್ತೀನಿ" ಎಂದೆ.


ಜುಲೈ 22, ಮಂಗಳವಾರ. ಬೆಳಿಗ್ಗೆ 11.40

ಮೆಸೇಜು. ವಾಹನದ ಮಾಲೀಕತ್ವ ವರ್ಗಾವಣೆಯಾಗಿದೆ.

ಅವಳಿಗೂ ಬಂದಿರಬೇಕು. ಕಳಿಸಿದಳು: 'ಆಯ್ತು ಭರತ. ಥ್ಯಾಂಕ್ಸ್.' ನಾನು ಏನೇನೋ ಟೈಪ್ ಮಾಡಿ ಅಳಿಸಿ 'ಒಳ್ಳೆಯದಾಗಲಿ' ಎಂದು ಹಾಕಿದೆ.

ಒಂಬತ್ತು ದಿನ ಬಾಕಿ ಇದೆ ಗಡುವಿಗೆ. ನಾನು ತಡ ಮಾಡಿದ್ದು ಅವಳಿಗೆ ಮುಳುವಾಗಲಿಲ್ಲ. ನನ್ನ ಪುಣ್ಯ ಎನ್ನಬಾರದು. ಅವಳ ಓಡಾಟ.

ಸಂಜೆ ಅಪ್ಪನ ಜೊತೆ ಮಾತಾಡಿದೆ. ಹತ್ತು ನಿಮಿಷ. ಕಾಲುಚೀಲದ ವ್ಯಾಪಾರದ ಬಗ್ಗೆ. ಕೊನೆಯಲ್ಲಿ "ಸೈನು ನೆನಪಿತ್ತಾ?" ಎಂದರು. ಇತ್ತು ಎಂದೆ.


ಜುಲೈ 24, ಗುರುವಾರ

ಬೆಳಿಗ್ಗೆ ಫಾಸ್ಟ್ಯಾಗ್ ಬಂದ್ ಮಾಡಿಸಿದೆ. ಅವಳು ತನ್ನ ನಂಬರಿಗೆ ಹೊಸದು ಹಾಕಿಸಿಕೊಂಡಿದ್ದಾಳೆ. ಗಾಜಿನ ಮೇಲಿದ್ದ ಹಳೆ ಸ್ಟಿಕ್ಕರನ್ನು ಬ್ಲೇಡಿನಲ್ಲಿ ಕೆರೆದು ತೆಗೆದಳಂತೆ, ಗೀರು ಬೀಳದ ಹಾಗೆ.

ಮಧ್ಯಾಹ್ನ ಪ್ರೆಸ್ಸಿಗೆ ಬಂದಳು. ಗಿರಾಕಿಯಾಗಿ. ವಿಸಿಟಿಂಗ್ ಕಾರ್ಡು ಬೇಕು, ಇನ್ನೂರು. ಕೆಲಸಕ್ಕೆಂದು ಹೊಸ ಫೋನ್ ನಂಬರು ತೆಗೆದುಕೊಂಡಿದ್ದಾಳೆ, ಹಳೆಯದನ್ನು ಬಿಡುತ್ತಾಳಂತೆ.

"ಏನ್ ಬರೀಲಿ?"

"ಹೆಸ್ರು. ಒಲಿಗೆ ಯಂತ್ರ ರಿಪೇರಿ. ನಾಕ್ ತಾಲ್ಲೂಕು. ಫೋನ್ ನಂಬ್ರು."

"ಕೆಳಗೆ ಒಂದು ಸಾಲು ಏನಾದರೂ..."

ನೋಡಿದಳು. ಆ ನೋಟ ನನಗೆ ಗೊತ್ತು.

"ಬೇಡ" ಎಂದು ನಾನೇ ಹೇಳಿದೆ.

"ಬ್ಯಾಡ" ಎಂದಳು. ನಗು ಬಂತು ಇಬ್ಬರಿಗೂ. ಏಪ್ರಿಲ್ ಆದ ಮೇಲೆ ಮೊದಲ ಸಲ.

ಅವಳು ಹೋದ ಮೇಲೆ ಕೂತು ಕಂಪೋಸ್ ಮಾಡಿದೆ. ಹೂವು ಹಾಕಲಿಲ್ಲ, ಮೆಷಿನಿನ ಚಿತ್ರ ಹಾಕಲಿಲ್ಲ. ಅಕ್ಷರ ದೊಡ್ಡದು, ಕಣ್ಣು ಮಂದವಾದ ಟೈಲರಿಗೂ ಓದಲು ಬರುವಷ್ಟು. ಸುತ್ತ ಬಿಳಿ ಜಾಗ. ನಂಬರನ್ನು ಮೂರು ಸಲ ತಾಳೆ ನೋಡಿದೆ. ನಾನು ಇದುವರೆಗೆ ಮಾಡಿದ ಅಚ್ಚಿನಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಸಂಜೆ ಅಚ್ಚಾಗಿ ಬಂದ ಕಟ್ಟಿನಿಂದ ಒಂದು ಕಾರ್ಡು ನನ್ನ ಜೇಬಿಗೆ ಇಟ್ಟುಕೊಂಡೆ. ಅವಳಿಗೆ ಹೇಳಿಯೇ ಇಟ್ಟುಕೊಂಡೆ. "ಇಟ್ಕ. ಯಾರಾರ ಕೇಳುದ್ರೆ ಕೊಡು" ಎಂದಳು ಫೋನಿನಲ್ಲಿ.


ಜುಲೈ 26, ಶನಿವಾರ. ಬೆಳಿಗ್ಗೆ 7.10

ಟೀ ಮಾಡಿಕೊಂಡೆ. ಫೋನ್ ಮೇಜಿನ ಮೇಲೆ ಬೋರಲು ಹಾಕಿದ್ದೇನೆ. ಇವತ್ತು ಮೆಸೇಜು ಬರುವುದಿಲ್ಲ ಎಂದು ಗೊತ್ತು. ಗೊತ್ತಿದ್ದೂ ಬೇಗ ಎದ್ದೆ.

7.18

ಏನೂ ಇಲ್ಲ.

ಈಗ ಟೋಲ್‌ನಲ್ಲಿರಬಹುದು. ಹೊಳೆನರಸೀಪುರದ ಮೇಲೆ ಹೋಗುತ್ತಿರಬಹುದು. ಇನ್ನೂ ಮಲಗಿರಲೂಬಹುದು, ಅವಳ ಗಾಡಿ, ಅವಳ ಶನಿವಾರ. ಯಾವ ದಾರಿಯಲ್ಲಿ ಹೋದರೂ ಅದು ಇನ್ನು ಸುತ್ತು ದಾರಿ ಅಲ್ಲ.

ಕೆಳಗೆ ರಸ್ತೆಯಲ್ಲಿ ಒಂದು ಓಮ್ನಿ ಹೋಯಿತು. ಹಾರ್ನ್ ಹೊಡೆಯಿತು. ಅವಳು ಹಾರ್ನ್ ಹೊಡೆಯುವುದಿಲ್ಲ. ಆದರೂ ಕಿಟಕಿಯವರೆಗೆ ಹೋಗಿ ಬಂದೆ.

7.40

ಫೋನ್ ಬಡಿಯಿತು. ಅಮ್ಮ. ಮೆಷಿನಿನಲ್ಲಿ ದಾರ ಪದೇಪದೇ ತುಂಡಾಗುತ್ತಿದೆಯಂತೆ, ಆ ಹುಡುಗಿಗೆ ಮಾಡಿದರೆ ಫೋನ್ ಹೋಗುತ್ತಿಲ್ಲವಂತೆ. ಹೊಸ ನಂಬರು ಎಂದೆ. ಜೇಬಿನಿಂದ ಕಾರ್ಡು ತೆಗೆದು ಒಂದೊಂದೇ ಅಂಕಿ ಓದಿ ಹೇಳಿದೆ. ಅಮ್ಮ ಒತ್ತುತ್ತಾ, ಬಾಯಲ್ಲಿ ಹೇಳುತ್ತಾ, ಎರಡು ಸಲ ತಪ್ಪಿ ಕೊನೆಗೆ ಮುಗಿಸಿದಳು.

"ಏನಂತ ಹಾಕ್ಲೋ ಹೆಸ್ರು?"

"ರೂಪಶ್ರೀ ಅಂತ ಹಾಕಮ್ಮ."

"ಹಿಂದೆ ಮುಂದೆ?"

"ಹಿಂದೆ ಮುಂದೆ ಏನೂ ಬೇಡ."